ವಠಾರದ ಪ್ರೀತಿ, ಸವೆದ ಪ್ರತಿ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆ ಸೀಮೆಯ ಊರು. ಕೊಯ್ಲಿನ ದಿನಗಳಲ್ಲಿ ಇಂಥ ಊರುಗಳಲ್ಲಿ ಸುಲಿಯುವ ಕೆಲಸ ಕತ್ತಲಾದ ಮೇಲೂ ಮುಗಿಯುವುದಿಲ್ಲ. ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಇಂಥ ಹೊತ್ತಿಗೆ ಹೇಳಿ ಮಾಡಿಸಿದಂತಿರುವುದು ಮಾತೇ ಜೀವಾಳವಾದ ಹಳೆಯ ಹಾಸ್ಯಚಿತ್ರ. ಪರದೆಯತ್ತ ನೋಡದೆಯೂ ನಗಬಹುದು, ಮುಂದಿನ ಮಾತನ್ನು ನಟನಿಗಿಂತ ಮೊದಲೇ ಹೇಳಿಬಿಡಬಹುದು. 1990ರಲ್ಲಿ ತೆರೆಕಂಡ ‘ಗಣೇಶನ ಮದುವೆ’ ಅಂಥ ಚಿತ್ರ. ಮೂರು ದಶಕಗಳಾದರೂ ಅದು ಕನ್ನಡ ಮನೆಗಳಲ್ಲಿ ಹಳತಾಗಿಲ್ಲ. ಆದರೆ ಇಷ್ಟೊಂದು ಪ್ರೀತಿ ಗಳಿಸಿದ ಚಿತ್ರಗಳನ್ನು ನಾವು ಎಂಥ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆಯನ್ನು ನೋಡುಗರಾದ ನಾವು ಕೇಳಿಕೊಂಡದ್ದು ಕಡಿಮೆ.

ಗೊತ್ತಿದ್ದೂ ನಗುವುದು

ಕಥೆ ಸರಳ. ರಮಣಮೂರ್ತಿಯ ವಠಾರದಲ್ಲಿ ಬಾಡಿಗೆಗಿರುವ ಗಣೇಶನಿಗೂ ಮಾಲೀಕನ ಮಗಳು ಆದಿಲಕ್ಷ್ಮಿಗೂ ಎದುರಾದಾಗಲೆಲ್ಲ ಜಗಳ. ಅದೇ ಗಣೇಶ ‘ಶ್ರುತಿ’ ಎಂಬ ಗಾಯಕಿಯ ದನಿಗೆ ಮಾರುಹೋಗಿ, ಮುಖ ಕಾಣದೆ ಪತ್ರಗಳಲ್ಲೇ ಪ್ರೀತಿಸುತ್ತಾನೆ. ಆ ಶ್ರುತಿಯೇ ಆದಿಲಕ್ಷ್ಮಿ ಎಂಬುದು ಅವನಿಗೆ ತಿಳಿಯದು, ನಮಗೆ ತಿಳಿದಿದೆ. ಚಿತ್ರದ ಸೊಗಸೆಲ್ಲ ಈ ಅಂತರದಲ್ಲಿದೆ. ಗುಟ್ಟು ಬಯಲಾದೊಡನೆ ಪತ್ತೇದಾರಿ ಕಥೆ ಅರ್ಧ ಸತ್ತಂತೆ. ಇಲ್ಲಿ ಹಾಗಲ್ಲ, ಗುಟ್ಟು ಮೊದಲೇ ನಮ್ಮ ಕೈಯಲ್ಲಿರುವುದರಿಂದ ಹತ್ತನೆಯ ಸಲ ನೋಡಿದಾಗಲೂ ಪ್ರತಿ ಬೈಗುಳದ ಹಿಂದೆ ಒಂದು ಪತ್ರ ಕಾಣುತ್ತದೆ.

ಈ ಸೂತ್ರ ನಮ್ಮದಷ್ಟೇ ಅಲ್ಲ. ಒಂದೇ ಅಂಗಡಿಯಲ್ಲಿ ಕಿತ್ತಾಡುವ ಇಬ್ಬರು ಗೊತ್ತಿಲ್ಲದೆ ಪರಸ್ಪರ ಪ್ರೇಮಪತ್ರ ಬರೆಯುವ ಹಂಗೇರಿಯ ನಾಟಕವೊಂದು 1937ರಲ್ಲಿ ರಂಗಕ್ಕೆ ಬಂತು. ಅದರಿಂದ 1940ರಲ್ಲಿ ಹಾಲಿವುಡ್‌ನ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಹುಟ್ಟಿತು. 1998ರ ‘ಯೂವ್ ಗಾಟ್ ಮೇಲ್’ ಅಂಚೆಯ ಜಾಗದಲ್ಲಿ ಇ-ಮೇಲ್ ತಂದಿತು. ಕನ್ನಡದ ಚಿತ್ರ ತೆಲುಗು ಕಾದಂಬರಿಯೊಂದನ್ನು ಆಧರಿಸಿದ್ದು. ಆದರೂ ಅದು ನಮ್ಮದಾದದ್ದು ವಠಾರದಿಂದ. ಗೋಡೆಗೆ ಗೋಡೆ ತಾಗಿದ ಮನೆಗಳು, ಹಂಚಿಕೊಳ್ಳಲೇಬೇಕಾದ ಅಂಗಳ, ಗುಟ್ಟಾಗಿ ಉಳಿಯದ ಜಗಳ: ಇದನ್ನು ಅರಿಯಲು ಬೆಂಗಳೂರಿನಲ್ಲಿ ಬಾಡಿಗೆಗಿರಬೇಕಿಲ್ಲ, ಹಳ್ಳಿಯ ಸಾಲುಮನೆ ಸಾಕು. ಜಗಳದಲ್ಲಿ ನಾಯಕಿ ನಾಯಕನಿಗೆ ಒಂದು ಮಾತೂ ಬಾಕಿ ಉಳಿಸಿಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆ ಕಾಲದ ನಾಯಕಿಯರಿಗೆ ಇಷ್ಟು ಮಾತು ಸಿಕ್ಕಿದ್ದು ಅಪರೂಪ.

ಟೆಂಟಿನಿಂದ ಅಂಗೈಗೆ

ಚಿತ್ರ ಬಂದಾಗ ಹಳ್ಳಿಗೆ ಸಿನಿಮಾ ತಲುಪಿಸಿದ್ದು ಟೂರಿಂಗ್ ಟಾಕೀಸು. ಪಟ್ಟಣದಲ್ಲಿ ಓಡಿ ಗೀರು ಬಿದ್ದ ಪ್ರತಿಯೇ ತಡವಾಗಿ ಟೆಂಟಿಗೆ ಬರುತ್ತಿತ್ತು. ನೆಲದ ಮೇಲೆ ಕೂತವರಿಗೆ ಅದು ದೊಡ್ಡ ಕೊರತೆ ಅನಿಸಲಿಲ್ಲ. ಮುಂದೆ ದೂರದರ್ಶನದ ಭಾನುವಾರದ ಸಿನಿಮಾ, 1990ರ ದಶಕದ ನಡುವಿನಿಂದ ಖಾಸಗಿ ವಾಹಿನಿಗಳು ಇಂಥ ಚಿತ್ರಗಳಿಗೆ ಎರಡನೆಯ ಆಯುಷ್ಯ ಕೊಟ್ಟವು. ಟೆಂಟುಗಳು ಮಾಯವಾದವು. ತಾಲ್ಲೂಕು ಕೇಂದ್ರಗಳ ಎಷ್ಟೋ ಚಿತ್ರಮಂದಿರಗಳು ಕಲ್ಯಾಣ ಮಂಟಪಗಳಾದವು, ವಾಣಿಜ್ಯ ಮಳಿಗೆಗಳಾದವು. ಈಗ ಸಿನಿಮಾ ಅಂಗೈಯಲ್ಲಿದೆ.

ಇದನ್ನು ಬರೀ ನಷ್ಟವೆಂದು ಬಗೆಯುವುದು ಸರಿಯಲ್ಲ. ಎರಡನೆಯ ಆಟಕ್ಕೆ ಹೋಗಲು ಹೆಣ್ಣುಮಕ್ಕಳಿಗೆ ಮನೆಯ ಒಪ್ಪಿಗೆ ಬೇಕಿದ್ದ ಕಾಲವನ್ನು ಮರೆಯಬಾರದು. ಟಿ.ವಿ. ಮತ್ತು ಮೊಬೈಲು ಆ ಬಾಗಿಲನ್ನು ತೆರೆದವು. ನಡೆಯಲಾಗದ ಹಿರಿಯರಿಗೂ ಇಷ್ಟದ ಚಿತ್ರ ಬೇಕೆಂದಾಗ ಸಿಗುತ್ತದೆ. ಆದರೆ ಹಾಸ್ಯ ಗುಂಪಿನ ಕಲೆ. ಪಕ್ಕದವರ ನಗು ನಮ್ಮ ನಗುವನ್ನು ಎಬ್ಬಿಸುತ್ತದೆ. ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡುವಾಗ ಮುಗುಳ್ನಗೆಯಲ್ಲೇ ನಿಲ್ಲುವ ದೃಶ್ಯಕ್ಕೆ ನೂರು ಜನರ ನಡುವೆ ಹೊಟ್ಟೆ ಹುಣ್ಣಾಗುತ್ತದೆ.

ಡಬ್ಬಿಯೊಳಗಿನ ಹುಳಿ

ಹೆಚ್ಚು ಕಳವಳದ ಸಂಗತಿ ಬೇರೆಯೇ ಇದೆ. ಅಂದಿನ ಚಿತ್ರಗಳು ಅಸಿಟೇಟ್ ಫಿಲ್ಮಿನ ಮೇಲೆ ತಯಾರಾದವು. ಸೆಕೆ, ತೇವ ತಾಗಿದರೆ ಅದು ರಾಸಾಯನಿಕವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬಿ ತೆರೆದರೆ ವಿನೆಗರ್‌ನಂಥ ಹುಳಿ ವಾಸನೆ. ಸುರುಳಿ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಬಣ್ಣ ಮಾಸುತ್ತದೆ. ಒಮ್ಮೆ ಶುರುವಾದ ಈ ಕೊಳೆತವನ್ನು ಹಿಂದಕ್ಕೆ ತಿರುಗಿಸಲಾಗದು, ತಂಪಾದ ಒಣ ಕೋಣೆಯಲ್ಲಿಟ್ಟು ನಿಧಾನಿಸಬಹುದಷ್ಟೆ. ಹಳೆಯ ಚಿತ್ರಗಳೆಂದು ಇಂದು ಮೊಬೈಲಿನಲ್ಲಿ ಸಿಗುವವುಗಳಲ್ಲಿ ಬಹುಪಾಲು ಟಿ.ವಿ. ಪ್ರಸಾರಕ್ಕೆಂದು ಮಾಡಿದ ಪ್ರತಿಗಳು. ಅಂಚು ಕತ್ತರಿಸಿ ಹೋಗಿರುತ್ತದೆ, ಮೂಲೆಯಲ್ಲಿ ವಾಹಿನಿಯ ಗುರುತು, ಹಾಡಿನ ನಡುವೆ ದನಿಯ ಏರಿಳಿತ. ವಠಾರದ ದೃಶ್ಯದಲ್ಲಿ ಅಂಚು ಹೋದರೆ ಬಾಗಿಲ ಸಂದಿಯಲ್ಲಿ ಕದ್ದು ಕೇಳುವವನೇ ಹೋಗುತ್ತಾನೆ.

ಮೂಲ ಸುರುಳಿಯಿಂದ ಹೊಸ ಪ್ರತಿ ಮಾಡಿಸಲು ಹಿಂಜರಿಯುವ ನಿರ್ಮಾಪಕರ ಮಾತಿನಲ್ಲೂ ತಥ್ಯವಿದೆ. ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿ ಶುಚಿಗೊಳಿಸುವುದು ದುಬಾರಿ. ಜನ ಪುಕ್ಕಟೆ ನೋಡುವ ಚಿತ್ರಕ್ಕೆ ಹಾಕಿದ ಹಣ ಮರಳುವ ಭರವಸೆಯಿಲ್ಲ. ಪ್ರಸಾರದ ಹಕ್ಕು ಒಬ್ಬರದು, ಹಾಡಿನದು ಇನ್ನೊಬ್ಬರದು, ನೆಗೆಟಿವ್ ಮತ್ತೆಲ್ಲೋ. ಸಾರ್ವಜನಿಕ ಹಣದಲ್ಲಿ ಸಂರಕ್ಷಣೆಯಾದಾಗ ಪ್ರಶಸ್ತಿ ಪಡೆದ ಗಂಭೀರ ಚಿತ್ರಗಳಿಗೆ ಮೊದಲ ಮಣೆ ಸಿಗುವುದೂ ಅರ್ಥವಾಗುವಂಥದ್ದೇ. ಆದರೆ ಒಂದು ಕಾಲದ ಬಾಡಿಗೆ ಮನೆ, ಅಂಚೆ, ರೇಡಿಯೊ, ಮಧ್ಯಮ ವರ್ಗದ ಆಡುಮಾತು ಇಷ್ಟು ನಿಚ್ಚಳವಾಗಿ ಉಳಿದಿರುವುದು ಹಾಸ್ಯಚಿತ್ರಗಳಲ್ಲೇ. ಅವುಗಳನ್ನು ಎರಡನೆಯ ಪಂಕ್ತಿಗೆ ತಳ್ಳುವುದು ನ್ಯಾಯವಲ್ಲ.

ಎಲ್ಲವನ್ನೂ ಒಮ್ಮೆಗೇ ಉಳಿಸಲಾಗದು. ಯಾವ ಚಿತ್ರದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ ಮೊದಲು ಆಗಬೇಕು. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಸಿದ್ಧವಾದ ಒಳ್ಳೆಯ ಪ್ರತಿಗಳು ನಗರದ ಚಿತ್ರೋತ್ಸವಗಳಿಗಷ್ಟೇ ಮೀಸಲಾಗದೆ ನಲ್ಲೂರಿನಂಥ ಊರುಗಳಿಗೂ ಬರಬೇಕು. ಪ್ರೊಜೆಕ್ಟರ್ ಈಗ ಶಾಲೆಗಳಲ್ಲೂ ಉಂಟು, ಸಮುದಾಯ ಭವನದ ಗೋಡೆಯೂ ಪರದೆಯಾಗಬಲ್ಲದು. ಅಡಿಕೆ ಸುಲಿತ ಮುಗಿದ ವಾರವೇ ಅದಕ್ಕೆ ಒಳ್ಳೆಯ ಹೊತ್ತು.