ಹಳೆಯ ಗಣಕಯಂತ್ರಗಳ ವಿದ್ಯುತ್ ಪೆಟ್ಟಿಗೆ: ಮುಪ್ಪಿನ ಲಕ್ಷಣಗಳೂ ಪರೀಕ್ಷೆಯೂ

ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತು ಹದಿನೈದು ವರ್ಷ ದುಡಿದ ಗಣಕಯಂತ್ರವು ಸ್ತಬ್ಧವಾದಾಗ ಅದನ್ನು ಮೂಲೆಗೆ ಸೇರಿಸುವುದು ವಾಡಿಕೆ. ಆದರೆ ಅನೇಕ ವೇಳೆ ದೋಷವಿರುವುದು ಅದಕ್ಕೆ ವಿದ್ಯುತ್ತನ್ನು ಒದಗಿಸುವ, ಬಳಕೆಯಲ್ಲಿ ಎಸ್.ಎಂ.ಪಿ.ಎಸ್. ಎಂದು ಹೆಸರಾದ ಪೆಟ್ಟಿಗೆಯೊಂದರಲ್ಲೇ. ಮುಪ್ಪಾದ ಪೆಟ್ಟಿಗೆಯನ್ನು ಹಾಗೆಯೇ ದುಡಿಸಿದರೆ ಹಾರ್ಡ್ ಡಿಸ್ಕಿನಲ್ಲಿರುವ ವರ್ಷಗಳ ದಾಖಲೆಗಳೂ ನಾಶವಾಗಬಹುದು. ಆದುದರಿಂದ ಈ ದೋಷದ ನಿದಾನಕ್ರಮವನ್ನು ಅರಿತಿರುವುದು ಅವಶ್ಯಕ.

230 ವೋಲ್ಟಿನ ಪರ್ಯಾಯ ಪ್ರವಾಹವು ಪೆಟ್ಟಿಗೆಯೊಳಗೆ ಏಕಮುಖವಾಗಿ, ಸುಮಾರು 325 ವೋಲ್ಟಿನಲ್ಲಿ, ಕೆಪಾಸಿಟರ್ ಎನ್ನುವ ದೊಡ್ಡ ಧಾರಕಗಳಲ್ಲಿ ಸಂಗ್ರಹವಾಗುತ್ತದೆ. ಅದನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಸಣ್ಣ ಪರಿವರ್ತಕದ ಮೂಲಕ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತವೆ. ಧಾರಕಗಳೊಳಗಿನ ದ್ರವವು ಕಾಲಕ್ರಮದಲ್ಲಿ ಆರುತ್ತದೆ. ಆಗ ಅವುಗಳ ಧಾರಣಶಕ್ತಿ ಕುಗ್ಗಿ ಆಂತರಿಕ ರೋಧ ಏರುತ್ತದೆ. ಮುಪ್ಪೆಂದರೆ ಮುಖ್ಯವಾಗಿ ಇದೇ.

ಉಷ್ಣತೆ 10 ಡಿಗ್ರಿ ಏರಿದರೆ ಧಾರಕದ ಆಯುಸ್ಸು ಅರ್ಧವಾಗುತ್ತದೆಂಬುದು ಸ್ಥೂಲ ನಿಯಮ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿಯನ್ನು ಮೀರುವುದುಂಟು. 25 ಡಿಗ್ರಿಯ ಕೊಠಡಿಯಲ್ಲಿ ಬಾಳುವ ಅವಧಿಗೆ ಹೋಲಿಸಿದರೆ 40 ಡಿಗ್ರಿಯ ಕೊಠಡಿಯಲ್ಲಿ ಆಯುಸ್ಸು ಸುಮಾರು ಮೂರನೆಯ ಒಂದಂಶಕ್ಕೆ ಇಳಿಯುತ್ತದೆ. ಎರೆಮಣ್ಣಿನ ಧೂಳು ಫ್ಯಾನಿಗೆ ಮೆತ್ತಿಕೊಂಡರೆ ಒಳಗಿನ ಕಾವು ಇನ್ನೂ ಹೆಚ್ಚುವುದು.

ಮುಪ್ಪಿನ ಲಕ್ಷಣಗಳು ಮೂರು. ಮೊದಲನೆಯದು, ಬೆಳಗಿನ ತಂಪಿನಲ್ಲಿ ಏಳದ ಯಂತ್ರವು ಮೂರು ನಾಲ್ಕು ಸಲ ಗುಂಡಿ ಒತ್ತಿದ ಮೇಲೆ ಏಳುವುದು. ಸೊರಗಿದ ಧಾರಕದ ರೋಧ ತಂಪಿನಲ್ಲಿ ಹೆಚ್ಚಾಗಿದ್ದು, ಕಾವು ಏರಿದಂತೆ ಇಳಿಯುವುದೇ ಇದಕ್ಕೆ ಕಾರಣ. ಎರಡನೆಯದು, ಹೆಚ್ಚಿನ ಕೆಲಸ ಬಿದ್ದೊಡನೆ ಯಂತ್ರವು ತಾನಾಗಿ ಮರುಚಾಲನೆಗೊಳ್ಳುವುದು. ಮೂರನೆಯದು, ಯು.ಪಿ.ಎಸ್. ಇದ್ದರೂ ಕರೆಂಟು ಹೋದ ಕ್ಷಣವೇ ಯಂತ್ರ ಆರುವುದು. ಇಲ್ಲಿ ಜನರು ಯು.ಪಿ.ಎಸ್. ಅನ್ನೇ ದೂರುತ್ತಾರೆ. ಸಾಮಾನ್ಯ ಯು.ಪಿ.ಎಸ್. ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡು ಬೇಕು. ಆ ಅಂತರವನ್ನು ದೊಡ್ಡ ಧಾರಕವು ತುಂಬಬೇಕು. ಸುಸ್ಥಿತಿಯ ಪೆಟ್ಟಿಗೆ ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಧಾರಕದ ಶಕ್ತಿಸಂಗ್ರಹವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ಲೈನಿನಲ್ಲಿ 180 ವೋಲ್ಟ್ ಮಾತ್ರ ಇದ್ದಾಗ ಆ ಸಂಗ್ರಹ ಶೇಕಡಾ 61ಕ್ಕೆ ಇಳಿದಿರುತ್ತದೆ. ಯು.ಪಿ.ಎಸ್. ಬದಲಿಸುವ ಮುನ್ನ ಅದಕ್ಕೆ ಬೇರೊಂದು ಯಂತ್ರವನ್ನು ಜೋಡಿಸಿ ನೋಡತಕ್ಕದ್ದು. ದಿನಾಂಕ ಮತ್ತು ವೇಳೆ ಮಾತ್ರ ತಪ್ಪುತ್ತಿದ್ದರೆ ದೋಷವು ಮದರ್‌ಬೋರ್ಡಿನ 3 ವೋಲ್ಟಿನ ಗುಂಡಿಬ್ಯಾಟರಿಯದೆಂದು ತಿಳಿಯಬಹುದು.

ಅಳತೆಯನ್ನು ಯಂತ್ರ ದುಡಿಯುತ್ತಿರುವಾಗಲೇ ಮಾಡಬೇಕು. 1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎ.ಟಿ.ಎಕ್ಸ್. ಕ್ರಮವನ್ನು ಅನುಸರಿಸಿದ ಪೆಟ್ಟಿಗೆಗಳಲ್ಲಿ ಕಪ್ಪು ತಂತಿಗೆ ಹೋಲಿಸಿ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಇರಬೇಕು. ನೇರಳೆ ತಂತಿಯಲ್ಲಿ ಯಂತ್ರ ಆರಿದ್ದರೂ 5 ವೋಲ್ಟ್ ಇರುವುದು, ಅದು 5.25ನ್ನು ಮೀರಿದ್ದರೆ ಪ್ಲಗ್ಗನ್ನು ಕೂಡಲೇ ಕೀಳತಕ್ಕದ್ದು. ಕೆಲವು ಹಳೆಯ ರಚನೆಗಳಲ್ಲಿ ಒಂದೇ ಒಂದು ಸಣ್ಣ ಧಾರಕ ಒಣಗಿದ ಮಾತ್ರಕ್ಕೆ ಈ ವೋಲ್ಟೇಜು ಏರಿ ಮದರ್‌ಬೋರ್ಡು ಸುಡುತ್ತದೆ.

ಮಲ್ಟಿಮೀಟರು ತೋರಿಸುವುದು ಸರಾಸರಿಯನ್ನು ಮಾತ್ರ. ಅಂಕಿಗಳು ಸರಿಯಾಗಿದ್ದೂ ಮೇಲಿನ ಏರಿಳಿತ ಮಿತಿಮೀರಿರಬಹುದು. 12 ವೋಲ್ಟಿನಲ್ಲಿ 120, ಉಳಿದೆರಡರಲ್ಲಿ 50 ಮಿಲಿವೋಲ್ಟ್ ಅದರ ಮಿತಿ. ಇದನ್ನು ಭೌತವಿಜ್ಞಾನ ವಿಭಾಗದ ಆಸಿಲೋಸ್ಕೋಪಿನಿಂದ ಕಾಣಬಹುದು. ಅದಿಲ್ಲದ ಕಡೆ, ಸುಸ್ಥಿತಿಯಲ್ಲಿರುವುದೆಂದು ತಿಳಿದ ಬೇರೊಂದು ಎಸ್.ಎಂ.ಪಿ.ಎಸ್. ಜೋಡಿಸಿ ನೋಡುವುದೇ ನಿರ್ಣಾಯಕ ಪರೀಕ್ಷೆ.

ಪ್ಲಗ್ಗು ಕಿತ್ತ ಮೇಲೂ ದೊಡ್ಡ ಧಾರಕದಲ್ಲಿ ಪ್ರಾಣಾಪಾಯಕರ ವಿದ್ಯುತ್ತು ಉಳಿದಿರಬಹುದು. ವಿದ್ಯಾರ್ಥಿಗಳು ಪೆಟ್ಟಿಗೆಯ ಮುಚ್ಚಳವನ್ನು ತೆರೆಯಬಾರದು. ಮೇಲಿನ ಪರೀಕ್ಷೆಗಳೆಲ್ಲ ಹೊರತಂತಿಗಳಲ್ಲಿಯೇ ಸಾಧ್ಯ. ದೋಷದ ಶಂಕೆ ಬಂದೊಡನೆ ಮೊದಲು ದಾಖಲೆಗಳ ಪ್ರತಿ ತೆಗೆದಿಟ್ಟು, ಅನಂತರ ಅಳತೆಗೆ ತೊಡಗುವುದು ಯುಕ್ತ. ಪೆಟ್ಟಿಗೆಯನ್ನು ಬದಲಿಸಬಹುದು, ಅಳಿದ ದಾಖಲೆಯನ್ನು ಮರಳಿ ಪಡೆಯುವುದು ಕಷ್ಟ.