ಮೂರು ಸಲ ಫಾರ್ಮ್ಯಾಟ್ ಮಾಡಿದರೂ ಅದೇ ಗೋಳು!

‘ಫಾರ್ಮ್ಯಾಟ್ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಬಿಡಿ ಮೇಡಂ’ ಎಂದಿದ್ದರು ಕೋಲಾರದ ಅಂಗಡಿಯವರು. ಒಂದಲ್ಲ, ಮೂರು ಸಲ ಮಾಡಿಸಿದೆ. ಮೊದಲ ಸಲಕ್ಕೇ ಫೈನಲ್ ಇಯರ್ ಪ್ರಾಜೆಕ್ಟ್‌ ಅಳಿಸಿಹೋಯಿತು. ಲ್ಯಾಪ್‌ಟಾಪ್ ಮಾತ್ರ ಹಾಗೇ ಇತ್ತು.

ಅಮ್ಮ ಹಾಲಿನ ಬಟವಾಡೆಯಲ್ಲಿ ಉಳಿಸಿದ ದುಡ್ಡಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. ಆನ್ ಮಾಡಿದರೆ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಮುಚ್ಚಿ ತೆರೆದರೆ ಬರೀ ಕಪ್ಪು ಪರದೆ. ನರಸಾಪುರದ ಕಂಪನಿಯೊಂದರ ಆನ್‌ಲೈನ್ ಇಂಟರ್‌ವ್ಯೂಗೆ ಐದು ನಿಮಿಷ ಇರುವಾಗಲೂ ಹಾಗೇ ಆಯಿತು. ಮತ್ತೆ ಆನ್ ಆಗುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು.

ಭಾನುವಾರ ವೇಮಗಲ್‌ಗೆ ಬಂದಿದ್ದ ಚಿಕ್ಕಪ್ಪನ ಮಗ ಕೇಳಿದ: ‘ಅಕ್ಕ, ಬಯೋಸ್ ಯಾವ ಕಾಲದ್ದು ನೋಡಿದ್ಯಾ?’ ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಅಲ್ಲಿತ್ತು, 2019. ವಿಂಡೋಸ್ ಹೊಚ್ಚಹೊಸದು, ಬಯೋಸ್ ಮಾತ್ರ ಹಳೆಯದು!

ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಡಿಸ್ಕ್. ಫರ್ಮ್‌ವೇರ್ ಇರುವುದು ಮದರ್‌ಬೋರ್ಡಿನ ಪುಟ್ಟ ಚಿಪ್‌ನಲ್ಲಿ. ವಿಂಡೋಸ್‌ಗಿಂತ ಮೊದಲೇ ಅದು ಎದ್ದು ಕೂರುತ್ತದೆ. ಫ್ಯಾನು, ಚಾರ್ಜಿಂಗ್, ಸ್ಲೀಪ್‌ನಿಂದ ಏಳುವುದು ಎಲ್ಲದರಲ್ಲೂ ಅದರ ಕೈಯಿದೆ. ಮನೆಗೆ ಸುಣ್ಣ ಬಳಿದರೆ ಬೋರ್‌ವೆಲ್ ಮೋಟಾರು ರಿಪೇರಿಯಾಗುತ್ತದೆಯೇ?

ಇನ್ನೊಂದು ತಮಾಷೆ ಕೇಳಿ. ಬಯೋಸ್ ಅಪ್‌ಡೇಟ್ ತರಬೇಕಿದ್ದ ಕಂಪನಿಯ ಆ್ಯಪ್‌ ಮೊದಲ ಫಾರ್ಮ್ಯಾಟ್‌ನಲ್ಲೇ ಹೋಗಿತ್ತು. ಎಷ್ಟೋ ಮಾಡೆಲ್‌ಗಳಿಗೆ ವಿಂಡೋಸ್ ಅಪ್‌ಡೇಟ್ ಮೂಲಕವೂ ಫರ್ಮ್‌ವೇರ್ ಬರುತ್ತದೆ, ಕೆಲವೊಮ್ಮೆ ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೆ ಕೂತಿರುತ್ತದೆ. ಅದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತ ಮೇಲೆ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡವರಿಗೂ ದಾರಿಯಿದೆ. ರಿಚರ್ಡ್ ಹ್ಯೂಸ್ ಶುರುಮಾಡಿದ ‘ಎಫ್‌ಡಬ್ಲ್ಯುಅಪ್‌ಡಿ’ ಎಂಬ ಉಚಿತ ತಂತ್ರಾಂಶ ಡೆಲ್, ಲೆನೊವೊದ ಅನೇಕ ಮಾಡೆಲ್‌ಗಳಿಗೆ ಫರ್ಮ್‌ವೇರ್ ತಂದು ಹಾಕುತ್ತದೆ.

ನಾನು ಲ್ಯಾಪ್‌ಟಾಪ್ ಅಡಿಯಲ್ಲಿದ್ದ ಮಾಡೆಲ್ ನಂಬರ್ ನೋಡಿ, ತಯಾರಕರ ಜಾಲತಾಣದಿಂದಲೇ ಫೈಲ್ ಇಳಿಸಿಕೊಂಡೆ. ಒಂದಕ್ಷರ ಬೇರೆಯಿದ್ದರೂ ಅದು ನಿಮ್ಮದಲ್ಲ. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದಮೇಲೆ ಅದು ಕೇಳಬಹುದು, ಕೀ ಇಲ್ಲದಿದ್ದರೆ ನಿಮ್ಮ ಫೈಲ್‌ಗಳು ನಿಮಗೇ ಸಿಗುವುದಿಲ್ಲ.

ನಿಜವಾದ ಭಯ ಕರೆಂಟಿನದು. ಚಿಪ್‌ಗೆ ಬರೆಯುವಾಗ ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪ್ ಮತ್ತೆ ಏಳದೇ ಹೋಗಬಹುದು. ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಹಾಕಿಯೇ ಶುರುಮಾಡಿದೆ. ಪರದೆ ಎರಡು ಸಲ ಕಪ್ಪಾಯಿತು. ಮಿಕ್ಸಿ ಹಾಕಲು ಬಂದ ಅಮ್ಮನನ್ನು ಕೈಸನ್ನೆಯಲ್ಲೇ ತಡೆದೆ. ಹತ್ತು ನಿಮಿಷದಲ್ಲಿ ವಿಂಡೋಸ್ ಬಂತು. ‘ಏನಮ್ಮಾ, ಆಫ್ ಆಗೋಯ್ತಾ?’ ಅಂದರು ಅಮ್ಮ. ಫ್ಯಾನಿನ ಸದ್ದೇ ಇರಲಿಲ್ಲ.

ಬ್ಯಾಟರಿ ಈಗಲೂ ಒಂದೇ ಗಂಟೆ ಬರುತ್ತದೆ. ಸವೆದ ಬ್ಯಾಟರಿಗೆ ಯಾವ ಅಪ್‌ಡೇಟೂ ಮದ್ದಲ್ಲ. ಸೋಮವಾರ ಇನ್ನೊಂದು ಇಂಟರ್‌ವ್ಯೂ ಇದೆ. ಲ್ಯಾಪ್‌ಟಾಪ್ ಈಗ ಸರಿಯಾಗಿ ಏಳುತ್ತಿದೆ, ಆದರೂ ಅವತ್ತು ಬೆಳಿಗ್ಗೆಯಿಂದ ನಾನದನ್ನು ಮುಚ್ಚುವುದಿಲ್ಲ.