ಬಿಟ್ಟ ಸೊನ್ನೆ

ರಾಯಬಾಗವನ್ನು ಕಂಡವರು ಬಹುಮಂದಿ. ಆದರೆ ಕನ್ನಡದಲ್ಲಿ ಗಣಿತಗ್ರಂಥ ಬರೆದವರಲ್ಲಿ ಮೊದಲಿಗನೆನಿಸಿದ ರಾಜಾದಿತ್ಯನ ಊರು ಇದೆಂದು ಬಲ್ಲವರೆಷ್ಟು ಮಂದಿ? 12ನೆಯ ಶತಮಾನದ ಈ ಜೈನಕವಿಯ ಪೂವಿನಬಾಗೆಯೇ ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ‘ವ್ಯವಹಾರಗಣಿತ’ದಲ್ಲಿ ಅವನು ಸೂತ್ರ ಹೇಳಿ ಸುಮ್ಮನಾಗುವುದಿಲ್ಲ, ಉದಾಹರಣೆಯ ಲೆಕ್ಕವನ್ನೂ ಮುಂದಿಡುತ್ತಾನೆ. ಮಾಡಿ ಕಲಿಯಬೇಕು ಎಂಬುದೇ ಆ ಪದ್ಧತಿ.

ಇಂದು ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಮನೆಗಳಲ್ಲಿ ಕುಳಿತೇ ಗಣಕಯಂತ್ರದ ಮೂಲಕ ಹಾಗೆ ಕಲಿಯಲು ಸಾಧ್ಯವಾಗಿದೆ. ಕೇಂದ್ರ ಸರ್ಕಾರವು 2017ರಲ್ಲಿ ತೆರೆದ ‘ಸ್ವಯಂ’ ಅಂತರ್ಜಾಲ ಶಿಕ್ಷಣದಲ್ಲಿ ಪಾಠಗಳಿಗೆ ಶುಲ್ಕವಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಹಣ ತೆರಬೇಕು. ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ ಎಂಬುದೊಂದೇ ಕೊರತೆ. ರಾಜಾದಿತ್ಯನ ನಾಡಿನ ಮಕ್ಕಳಿಗೆ ಇದು ಸಣ್ಣ ಕೊರತೆಯೇನಲ್ಲ! ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಕಿರುಪಾಠಗಳು ಕನ್ನಡದಲ್ಲಿಯೂ ದೊರೆಯುವುದು ಅಷ್ಟರಮಟ್ಟಿಗೆ ಸಮಾಧಾನ.

ಲೆಕ್ಕವನ್ನೆಲ್ಲ ಯಂತ್ರವೇ ಮಾಡಿದರೆ ಹುಡುಗರ ಬುದ್ಧಿ ಜಡವಾಗದೆ ಎಂದು ಹಿರಿಯರು ಕೇಳುವುದು ಸಹಜ. ಈ ಪ್ರಯೋಗವನ್ನು ನೋಡಿ.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಕಾಪ್ರೇಕರರು 1949ರಲ್ಲಿ ಕಂಡುಹಿಡಿದ ಚಮತ್ಕಾರವಿದು. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಗಳು ಒಂದೇ ಆಗಿರಬಾರದು. ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದಲ್ಲಿ ಬರೆದುದನ್ನು ಅದರಿಂದ ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಿ. 4321ರಿಂದ 1234 ಕಳೆದರೆ 3087, ಮುಂದೆ 8352, ಆಮೇಲೆ 6174. ಅಲ್ಲಿಂದ ಮುಂದೆ ಸಂಖ್ಯೆ ಕದಲುವುದಿಲ್ಲ. ಏಳು ಹೆಜ್ಜೆಗಳೊಳಗೆ ಎಲ್ಲವೂ ಇಲ್ಲಿಗೇ ಬಂದು ಸೇರುತ್ತವೆ.

ಇದನ್ನು ಪೈಥಾನ್ ಭಾಷೆಯಲ್ಲಿ ಹತ್ತು ಹನ್ನೆರಡು ಸಾಲುಗಳ ಪ್ರೋಗ್ರಾಮಾಗಿ ಬರೆದ ಹುಡುಗಿಯೊಬ್ಬಳು 1000ವನ್ನು ಕೊಟ್ಟು ನೋಡುತ್ತಾಳೆನ್ನಿ. 1000ದಿಂದ 1 ಹೋದರೆ 999. ಮತ್ತೆ 999ರಿಂದ 999 ಹೋದರೆ ಸೊನ್ನೆ! ಕಾಪ್ರೇಕರರು ತಪ್ಪಿದರೆ? ಇಲ್ಲ, ಯಂತ್ರವೂ ತಪ್ಪಲಿಲ್ಲ. ನಾಲ್ಕಂಕಿಯ ಲೆಕ್ಕದಲ್ಲಿ ಅದು 0999 ಆಗಬೇಕಿತ್ತು. ಮುಂದಿನ ಸೊನ್ನೆಯನ್ನು ಕಾಯ್ದುಕೊಳ್ಳೆಂದು ಅವಳು ಯಂತ್ರಕ್ಕೆ ಹೇಳಿರಲಿಲ್ಲ. ಹೇಳಿದೊಡನೆ 9990ರಿಂದ 0999 ಕಳೆದು 8991, ಬಳಿಕ 8082, 8532, ಕೊನೆಗೆ 6174. ಸ್ಥಾನಬೆಲೆಯನ್ನು ಮೂರನೆಯ ತರಗತಿಯಲ್ಲಿ ಕಂಠಪಾಠ ಮಾಡಿದ್ದವಳಿಗೆ ಅದರ ಅರ್ಥ ತಿಳಿದದ್ದು ಈಗ.

ಎಲ್ಲವೂ 6174ಕ್ಕೆ ಬರುತ್ತವೆಂಬುದನ್ನು ಯಂತ್ರ ಕ್ಷಣದಲ್ಲಿ ತೋರಿಸಬಲ್ಲುದು. ಏಕೆ ಬರುತ್ತವೆಂದು ಹೇಳಲಾರದು. ಅದಕ್ಕೆ ಕಾಗದ, ಸೀಸದಕಡ್ಡಿಗಳೇ ಬೇಕು. ಪ್ರತಿ ಉತ್ತರವೂ ಒಂಬತ್ತರಿಂದ ಭಾಗವಾಗುತ್ತದೆ ಎಂಬಲ್ಲಿಂದ ಹುಡುಕಾಟವನ್ನು ಆರಂಭಿಸಬಹುದು.

ಮೂರಂಕಿಯ ಸಂಖ್ಯೆಗಳು ಬಂದು ನಿಲ್ಲುವುದು 495ರಲ್ಲಿ. ಅದಕ್ಕಾಗಿ ಪ್ರೋಗ್ರಾಮಿನಲ್ಲಿ ಏನನ್ನು ಬದಲಿಸಬೇಕೆಂದು ಇಂದು ಸಂಜೆ ನಿಮ್ಮ ಮಕ್ಕಳನ್ನು ಕೇಳಿನೋಡಿ.